ಗಂಡಸರಲ್ಲಿ ಎಚ್‌ಪಿವಿ ಸೋಂಕು, ಜನನಾಂಗದ ನರಹುಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೂದಲು ಉದುರುತ್ತಿದೆ ಎಂದು ಚೀಟಿ ಮಾಡಿಸಿಕೊಂಡು ಒಳಗೆ ಬಂದ ಹುಡುಗ, ಕೂದಲಿನ ಮಾತೆಲ್ಲ ಮುಗಿದು ಎದ್ದು ನಿಂತ ಮೇಲೆ, "ಸರ್, ಇನ್ನೊಂದು ವಿಷಯ ಇತ್ತು" ಎನ್ನುತ್ತಾನೆ. ಬೆಂಗಳೂರಿನಲ್ಲಿ ಚರ್ಮರೋಗ ನೋಡುವ ನಮಗೆಲ್ಲ ಈ ಮಾತು ಗೊತ್ತು. ಆ ಇನ್ನೊಂದು ವಿಷಯ ಬಾಯಿಗೆ ಬರುವಷ್ಟರಲ್ಲಿ ತಿಂಗಳುಗಟ್ಟಲೆ ಕಳೆದಿರುತ್ತದೆ. ಎರಡಿದ್ದ ಗುಳ್ಳೆ ಹತ್ತಾರು ಆಗಿರುತ್ತವೆ, ನಿದ್ದೆ ಕೆಟ್ಟಿರುತ್ತದೆ, ಗೂಗಲ್‌ನಲ್ಲಿ ಹುಡುಕಿ ಹುಡುಕಿ ಕ್ಯಾನ್ಸರ್‌ವರೆಗೂ ಯೋಚನೆ ಹೋಗಿರುತ್ತದೆ. ಹಾಗೆ ಯಾರಿಗೂ ಹೇಳಿಕೊಳ್ಳಲಾಗದೆ ಕಾಯುತ್ತಿರುವವರಿಗಾಗಿ ಈ ಪ್ರಶ್ನೋತ್ತರ. ಜನ ಹೇಗೆ ಕೇಳುತ್ತಾರೋ ಹಾಗೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

ಎಚ್‌ಪಿವಿ ಅಂದ್ರೆ ಎಚ್‌ಐವಿನಾ ಸರ್?

ಅಲ್ಲ. ಎರಡೂ ಬೇರೆ ಬೇರೆ ವೈರಸ್. ಎಚ್‌ಐವಿ ದೇಹದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚರ್ಮ ಮತ್ತು ಲೋಳೆಪೊರೆಯ ಮೇಲ್ಪದರದಲ್ಲೇ ಬೀಡುಬಿಡುವಂಥದ್ದು. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಮಕ್ಕಳ ಕೈಬೆರಳಿನ ಮೇಲೆ, ಅಂಗಾಲಿನಲ್ಲಿ ಆಗುವ ಮಾಮೂಲಿ ನರಹುಲಿಯೂ ಇದೇ ಕುಟುಂಬದ ಬೇರೆ ಬಗೆಗಳಿಂದ ಆಗುತ್ತದೆ. ಜನನಾಂಗದ ಸುತ್ತ ಸೇರಿಕೊಳ್ಳುವ ಬಗೆಗಳು ಸುಮಾರು 40.

ಈ 40ರಲ್ಲಿ ಮುಖ್ಯವಾಗಿ ಎರಡು ಜೋಡಿಗಳನ್ನು ನೆನಪಿಟ್ಟುಕೊಂಡರೆ ಅರ್ಧ ಭಯ ಕಳೆಯುತ್ತದೆ. 6 ಮತ್ತು 11ನೇ ಬಗೆಗಳು ನರಹುಲಿ ತರುತ್ತವೆ. ಜನನಾಂಗದ ನರಹುಲಿಗಳಲ್ಲಿ ಶೇ 90ರಷ್ಟಕ್ಕೆ ಇವೇ ಕಾರಣ, ಮತ್ತು ಇವು ಕ್ಯಾನ್ಸರ್ ತರುವ ಗುಂಪಿಗೆ ಸೇರಿದವಲ್ಲ. 16 ಮತ್ತು 18ನೇ ಬಗೆಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ನರಹುಲಿ ಮಾಡುವುದಿಲ್ಲ, ಆದರೆ ವರ್ಷಾನುಗಟ್ಟಲೆ ಉಳಿದುಕೊಂಡರೆ ಕ್ಯಾನ್ಸರ್‌ಗೆ ದಾರಿ ಮಾಡುತ್ತವೆ. ಹೆಂಗಸರ ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಶೇ 70ರಷ್ಟು ಈ ಎರಡರದ್ದೇ ಕೆಲಸ. ಎಚ್‌ಪಿವಿಗೂ ಈ ಕ್ಯಾನ್ಸರ್‌ಗೂ ಇರುವ ನಂಟನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ಪಿಜಿಯಲ್ಲಿದ್ದೀನಿ. ಅಲ್ಲಿನ ಟಾಯ್ಲೆಟ್, ಟವೆಲ್‌ನಿಂದ ಬಂದಿರಬಹುದಾ?

ಈ ಪ್ರಶ್ನೆಯ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ನಿಜ ಹೇಳಬೇಕು: ದೊಡ್ಡವರಲ್ಲಿ ಈ ನರಹುಲಿ ಬರುವುದು ಬಹುಮಟ್ಟಿಗೆ ಲೈಂಗಿಕ ಸಂಪರ್ಕದಿಂದ, ಚರ್ಮಕ್ಕೆ ಚರ್ಮ ಉಜ್ಜಿದಾಗ. ಪೂರ್ತಿ ಸಂಭೋಗವೇ ಆಗಬೇಕೆಂದಿಲ್ಲ. "ಒಳಗೆ ಹೋಗೇ ಇಲ್ಲ ಸರ್, ಬರೀ ಮೇಲಿಂದ ಅಷ್ಟೇ" ಎನ್ನುವವರಿಗೂ ಬಂದಿರುತ್ತದೆ. ಕಮೋಡ್, ಈಜುಕೊಳ, ಜಿಮ್ಮಿನ ಬೆಂಚುಗಳ ಮೇಲೆ ಅನುಮಾನ ಬೇಡ.

ಹಾಗೆಂದು ಇದು ಯಾರದೋ ನಡತೆ ಕೆಟ್ಟಿದ್ದರ ಗುರುತು ಎಂದು ಓದಿಕೊಳ್ಳಬೇಡಿ. ಲೈಂಗಿಕ ಜೀವನ ಶುರು ಮಾಡಿದ ಗಂಡಸರು, ಹೆಂಗಸರಲ್ಲಿ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ಎಚ್‌ಪಿವಿಯ ಯಾವುದಾದರೂ ಒಂದು ಬಗೆ ತಗುಲಿ ಹೋಗಿರುತ್ತದೆ. ಬಹಳಷ್ಟು ಜನಕ್ಕೆ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಒಬ್ಬರೇ ಸಂಗಾತಿ ಇದ್ದವರಿಗೂ ಬರುತ್ತದೆ.

ಮದುವೆಯಾಗಿ ನಾಲ್ಕು ವರ್ಷ ಆಯ್ತು. ಈಗ ಬಂದಿದೆ ಅಂದ್ರೆ ನನ್ನ ಹೆಂಡತಿಯಿಂದಲೇ ಬಂದಿದ್ದಾ?

ಇದೊಂದು ಪ್ರಶ್ನೆಯನ್ನು ದಯವಿಟ್ಟು ನಿಧಾನವಾಗಿ ಓದಿ. ಔಷಧಿಯಿಂದ ಗುಳ್ಳೆ ಹೋಗುತ್ತದೆ. ಈ ಅನುಮಾನದಿಂದ ಒಡೆದ ಮನೆ ಅಷ್ಟು ಸುಲಭಕ್ಕೆ ಕೂಡುವುದಿಲ್ಲ.

ವೈರಸ್ ತಗುಲಿದ ಮೇಲೆ ನರಹುಲಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವರಲ್ಲಿ ಮೂರೇ ವಾರ, ಕೆಲವರಲ್ಲಿ ಎಂಟು ತಿಂಗಳು. ಇನ್ನು ಕೆಲವರಲ್ಲಿ ವೈರಸ್ ಚರ್ಮದಲ್ಲಿ ಸುಮ್ಮನೆ ಕುಳಿತಿದ್ದು, ವರ್ಷಗಳಾದ ಮೇಲೆ ಗುಳ್ಳೆಯಾಗಿ ಏಳುತ್ತದೆ. ಶುಗರ್ ಹೆಚ್ಚಾದಾಗಲೋ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಾಗಲೋ, ಬೇರಾವುದೋ ಕಾಯಿಲೆಯಿಂದ ದೇಹ ಸೋತಾಗಲೋ ಏಳಬಹುದು. ಯಾವ ಕಾರಣವೂ ಕಾಣದೆಯೂ ಏಳಬಹುದು. ಇವತ್ತು ಕಂಡ ಗುಳ್ಳೆಯ ವೈರಸ್ ಕಾಲೇಜಿನ ದಿನಗಳದ್ದಿರಬಹುದು. ನಿಮ್ಮಲ್ಲೇ ಇದ್ದದ್ದಿರಬಹುದು, ಅವರಲ್ಲಿ ಮದುವೆಗೆ ಮುಂಚಿನಿಂದ ಇದ್ದು ಅವರಿಗೇ ಗೊತ್ತಿಲ್ಲದ್ದಿರಬಹುದು. ಯಾರಿಂದ ಯಾರಿಗೆ, ಯಾವಾಗ ಹೋಯಿತು ಎಂದು ಹೇಳುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. "ಟೆಸ್ಟ್ ಮಾಡಿ ಹೇಳಿಬಿಡಿ ಸರ್, ನನಗೆ ಸಮಾಧಾನ ಆಗಲಿ" ಎಂದು ಕೇಳುತ್ತಾರೆ. ವಿಜ್ಞಾನಕ್ಕೆ ಅದು ಸಾಧ್ಯವಿಲ್ಲ. ಸಾಧ್ಯವಿದೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ.

ಗಂಡ, ಹೆಂಡತಿ ಇಬ್ಬರೂ ಒಟ್ಟಿಗೆ ಬಂದರೆ ನಾನು ಇಬ್ಬರನ್ನೂ ಕೂರಿಸಿಕೊಂಡು ಈ ಮಾತನ್ನೇ ಹೇಳುತ್ತೇನೆ. ಒಬ್ಬರೇ ಕೇಳಿಸಿಕೊಂಡು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಿದಾಗ, ಅದು ಸಮಜಾಯಿಷಿ ಕೊಟ್ಟ ಹಾಗೆ ಕೇಳಿಸುತ್ತದೆ. ಡಾಕ್ಟರ ಬಾಯಿಂದ ಇಬ್ಬರೂ ಕೇಳಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ನೋಡೋಕೆ ಹೇಗಿರುತ್ತೆ? ನನಗಿರೋದು ಅದೇನಾ?

ನರಹುಲಿ ಶುರುವಾಗುವಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಚರ್ಮದ ಬಣ್ಣದ್ದೇ ಇರಬಹುದು, ಕಂದು, ತಿಳಿಗುಲಾಬಿ, ಬೂದು ಬಣ್ಣಕ್ಕೂ ತಿರುಗಬಹುದು. ಮುಟ್ಟಿದರೆ ಸ್ವಲ್ಪ ತರಿತರಿ. ಕೆಲವು ಚಪ್ಪಟೆ, ಕೆಲವು ತೊಟ್ಟು ಕಟ್ಟಿಕೊಂಡು ನಿಲ್ಲುವಂಥವು, ಒಟ್ಟಿಗೆ ಬೆಳೆದಾಗ ಹೂಕೋಸಿನ ತುಣುಕಿನಂತೆ ಕಾಣುತ್ತವೆ. ಸಾಮಾನ್ಯವಾಗಿ ನೋವಿಲ್ಲ. ತುರಿಕೆ ಇರಬಹುದು, ಒಳಉಡುಪು ತಾಗಿ ಒಮ್ಮೊಮ್ಮೆ ರಕ್ತ ಜಿನುಗಬಹುದು. ಮುಂದೊಗಲಿನ ಒಳಭಾಗ, ಶಿಶ್ನದ ದಂಡ, ಬುಡದ ಕೂದಲಿನ ಜಾಗ, ವೃಷಣದ ಚೀಲ, ತೊಡೆಸಂದಿ, ಗುದದ್ವಾರದ ಸುತ್ತ, ಮೂತ್ರದ್ವಾರದ ಬಾಯಿ: ಇವು ಅದರ ಜಾಗಗಳು. ಗುದದ್ವಾರದ ಸಂಪರ್ಕ ಇಲ್ಲದವರಿಗೂ ಗುದದ್ವಾರದ ಸುತ್ತ ಆಗುತ್ತದೆ. ಅದನ್ನು ನೋಡಿ ಯಾರೂ ಏನನ್ನೂ ಊಹಿಸಬಾರದು, ವೈದ್ಯರೂ ಸೇರಿ.

ಆದರೆ ನನ್ನ ಹತ್ತಿರ ಗಾಬರಿಯಿಂದ ಓಡಿಬರುವ ಹುಡುಗರಲ್ಲಿ ಎಷ್ಟೋ ಜನಕ್ಕೆ ಇರುವುದು ನರಹುಲಿಯೇ ಅಲ್ಲ. ಶಿಶ್ನದ ತಲೆಯ ಅಂಚಿನ ಸುತ್ತ ಒಂದೇ ಅಳತೆಯ, ನಯವಾದ, ಬಿಳಿಚಿದ ಪುಟ್ಟ ಪುಟ್ಟ ಬೊಕ್ಕೆಗಳು ಒಂದೋ ಎರಡೋ ಸಾಲಾಗಿ ಇದ್ದರೆ, ಅದು ಹುಟ್ಟುಗುಣ. ಪರ್ಲಿ ಪೀನೈಲ್ ಪ್ಯಾಪ್ಯೂಲ್ಸ್ ಎನ್ನುತ್ತಾರೆ. ಹರೆಯದಲ್ಲಿ ಕಾಣಿಸಿಕೊಳ್ಳುತ್ತದೆ, ಯಾರಿಂದಲೂ ಬಂದದ್ದಲ್ಲ, ಯಾರಿಗೂ ಅಂಟುವುದಿಲ್ಲ, ಚಿಕಿತ್ಸೆ ಬೇಡ. ನರಹುಲಿ ಹೀಗೆ ಅಚ್ಚುಕಟ್ಟಾಗಿ ಸಾಲಿನಲ್ಲಿ ನಿಲ್ಲುವುದಿಲ್ಲ. ಒಂದು ಇಲ್ಲಿ, ಎರಡು ಅಲ್ಲಿ, ಒಂದು ದೊಡ್ಡದು, ಒಂದು ಚಿಕ್ಕದು. ಇನ್ನು ದಂಡದ ಚರ್ಮವನ್ನು ಎಳೆದಾಗ ಒಳಗಿನಿಂದ ಕಾಣುವ ಹಳದಿ ಬಿಳುಪಿನ ಚುಕ್ಕೆಗಳು ಎಣ್ಣೆ ಗ್ರಂಥಿಗಳು, ಫೋರ್ಡೈಸ್ ಸ್ಪಾಟ್ಸ್. ಅವೂ ನಿರುಪದ್ರವಿ.

ನಡುವೆ ತಗ್ಗಿರುವ, ಹೊಳಪಿನ ಗುಂಡುಗುಳ್ಳೆಗಳಾದರೆ ಅದು ಮೊಲಸ್ಕಮ್ ಎಂಬ ಬೇರೆ ವೈರಸ್. ರಾತ್ರಿ ಹೊತ್ತು ತಡೆಯಲಾಗದ ತುರಿಕೆ, ಮನೆಯವರಿಗೂ ತುರಿಕೆ ಇದ್ದರೆ ಕಜ್ಜಿಯ ಗಂಟುಗಳಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸಿಫಿಲಿಸ್ ಎಂಬ ಇನ್ನೊಂದು ಲೈಂಗಿಕ ಸೋಂಕಿನ ಎರಡನೇ ಹಂತದಲ್ಲಿ ಆ ಜಾಗದಲ್ಲಿ ಚಪ್ಪಟೆ, ಅಗಲ, ಒದ್ದೆ ಒದ್ದೆಯಾದ ಉಬ್ಬುಗಳು ಏಳುತ್ತವೆ. ನೋಡಲು ನರಹುಲಿಯ ಹಾಗೇ ಇರುತ್ತವೆ. ಅದಕ್ಕೆ ನರಹುಲಿಯ ಮದ್ದು ಹಚ್ಚುತ್ತಾ ಕುಳಿತರೆ ಸಿಫಿಲಿಸ್ ಒಳಗೇ ಬೆಳೆಯುತ್ತದೆ. ಮೊಬೈಲಿನಲ್ಲಿ ಫೋಟೋ ಹೋಲಿಸಿ ನೀವೇ ತೀರ್ಮಾನಿಸಬೇಡಿ ಎಂದು ನಾವು ಹೇಳುವುದು ಇದಕ್ಕೇ.

ಫೋಟೋ ವಾಟ್ಸಾಪ್ ಮಾಡಿದ್ರೆ ಸಾಕಲ್ವಾ?

ಸಾಲದು. ಬಾತ್‌ರೂಮಿನ ಮಂದ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಹುಟ್ಟುಗುಣದ ಬೊಕ್ಕೆಗೂ ನರಹುಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಮುಂದೊಗಲಿನ ಒಳಗೆ, ಹಿಂಬದಿಯಲ್ಲಿ ಇರುವುದು ಫೋಟೋಕ್ಕೆ ಸಿಗುವುದೂ ಇಲ್ಲ. ಅಂಥ ಫೋಟೋಗಳು ಯಾರ ಯಾರ ಫೋನಿನಲ್ಲಿ ಉಳಿಯುತ್ತವೆ ಎಂಬುದನ್ನೂ ಯೋಚಿಸಿ.

ಗಂಡಸರಿಗೆ ಎಚ್‌ಪಿವಿ ಟೆಸ್ಟ್ ಇದೆಯಾ?

ಗರ್ಭಕೊರಳಿನ ತಪಾಸಣೆಗೆ ಹೆಂಗಸರಿಗೆ ಎಚ್‌ಪಿವಿ ಪರೀಕ್ಷೆ ಇದೆ. ಗಂಡಸರಿಗೆ ಹಾಗೆ ಒಪ್ಪಿತವಾದ ತಪಾಸಣೆ ಇಲ್ಲ. ಕೆಲವು ಪ್ಯಾಕೇಜುಗಳಲ್ಲಿ ಮೂತ್ರ, ವೀರ್ಯದ ಎಚ್‌ಪಿವಿ ಪರೀಕ್ಷೆ ಎಂದು ಸೇರಿಸಿರುತ್ತಾರೆ. ಅದರ ಫಲಿತಾಂಶ ಪಾಸಿಟಿವ್ ಬಂದರೂ ನೆಗೆಟಿವ್ ಬಂದರೂ ಚಿಕಿತ್ಸೆಯಲ್ಲಿ ಬದಲಾಗುವುದು ಏನೂ ಇಲ್ಲ. ಆ ದುಡ್ಡು ಉಳಿಸಿ ಎಚ್‌ಪಿವಿ ತಡೆಯುವ ಲಸಿಕೆಗೆ ಇಟ್ಟುಕೊಳ್ಳಿ. ನರಹುಲಿಯನ್ನು ಕಣ್ಣಿನಿಂದ ನೋಡಿಯೇ ಗುರುತಿಸುತ್ತೇವೆ. ಅನುಮಾನ ಇದ್ದರೆ, ಚಿಕಿತ್ಸೆಗೆ ಬಗ್ಗದಿದ್ದರೆ, ಗಟ್ಟಿಯಾಗಿದ್ದರೆ, ಹುಣ್ಣಾಗಿದ್ದರೆ ಮಾತ್ರ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತೇವೆ.

ನರಹುಲಿ ಕಂಡವರೆಲ್ಲರೂ ಮಾಡಿಸಬೇಕಾದ ರಕ್ತಪರೀಕ್ಷೆಗಳು ಬೇರೆ ಇವೆ: ಎಚ್‌ಐವಿ, ಸಿಫಿಲಿಸ್‌ಗಾಗಿ ವಿಡಿಆರ್‌ಎಲ್, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ನಿಮ್ಮ ಮೇಲೆ ಅಪನಂಬಿಕೆಯಿಂದ ಬರೆದುಕೊಡುವುದಲ್ಲ ಇದು. ಒಂದೇ ದಾರಿಯಲ್ಲಿ ಬರುವ ಸೋಂಕುಗಳು ಒಟ್ಟೊಟ್ಟಿಗೆ ಬಂದಿರಬಹುದು, ಅಷ್ಟೇ. ಜೊತೆಗೆ ಶುಗರ್ ಕೂಡ ನೋಡಿಸಿ.

ಯಾವ ಡಾಕ್ಟರ ಹತ್ತಿರ ಹೋಗಬೇಕು? ಬೆಂಗಳೂರಲ್ಲಿ ಕಡಿಮೆ ಖರ್ಚಿನಲ್ಲಿ ಎಲ್ಲಿ ಆಗುತ್ತೆ?

ಚರ್ಮರೋಗ ತಜ್ಞರೇ ಲೈಂಗಿಕ ರೋಗಗಳನ್ನೂ ಓದಿರುತ್ತಾರೆ; ಎಂಡಿ ಪದವಿಯಲ್ಲಿ ಎರಡೂ ಒಟ್ಟಿಗೇ ಇರುತ್ತದೆ. ಬೋರ್ಡಿನ ಮೇಲೆ "ಸ್ಕಿನ್" ಎಂದಷ್ಟೇ ಇದ್ದರೂ ಧೈರ್ಯವಾಗಿ ಒಳಗೆ ಹೋಗಿ. ಮೂತ್ರದ್ವಾರದ ಒಳಗಿದ್ದರೆ ಯೂರಾಲಜಿಸ್ಟ್, ಗುದದ್ವಾರದ ಒಳಗಿದ್ದರೆ ಸರ್ಜನ್ ಬೇಕಾಗಬಹುದು, ಅದನ್ನು ನಾವೇ ಕಳಿಸಿಕೊಡುತ್ತೇವೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಕೆ.ಆರ್. ಮಾರುಕಟ್ಟೆ ಪಕ್ಕದ ವಿಕ್ಟೋರಿಯಾ, ಶಿವಾಜಿನಗರದ ಬೌರಿಂಗ್ ಎರಡೂ ವೈದ್ಯಕೀಯ ಕಾಲೇಜಿಗೆ ಸೇರಿದವು, ಎರಡರಲ್ಲೂ ಚರ್ಮರೋಗ ವಿಭಾಗ ಇದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಲೈಂಗಿಕ ಸೋಂಕುಗಳಿಗೆಂದೇ ನಡೆಯುವ ಸುರಕ್ಷಾ ಕ್ಲಿನಿಕ್‌ಗಳು ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿವೆ. ಅಲ್ಲಿ ಆಪ್ತಸಮಾಲೋಚಕರು ಇರುತ್ತಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097 ಉಚಿತ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. ಓಪಿಡಿ ಚೀಟಿ ಮಾಡಿಸುವಾಗ ಕಿಟಕಿಯ ಮುಂದೆ ನಿಮ್ಮ ತೊಂದರೆ ಏನೆಂದು ವಿವರಿಸಬೇಕಾಗಿಲ್ಲ, "ಸ್ಕಿನ್ ಓಪಿಡಿ" ಎಂದರೆ ಸಾಕು.

ಮೆಜೆಸ್ಟಿಕ್ ಸುತ್ತಮುತ್ತ ಗೋಡೆಗಳ ಮೇಲೆ, ಶೌಚಾಲಯದ ಬಾಗಿಲಿನ ಒಳಬದಿಯಲ್ಲಿ ಅಂಟಿಸಿರುವ "ಗುಪ್ತರೋಗಕ್ಕೆ ಶಾಶ್ವತ ಪರಿಹಾರ" ಚೀಟಿಗಳ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಅಂಥ ಕಡೆ ಸಾವಿರಗಟ್ಟಲೆ ಕೊಟ್ಟು, ಹೆಸರಿಲ್ಲದ ಪುಡಿ ತಿಂದು, ಸುಟ್ಟ ಗಾಯದೊಂದಿಗೆ ನಮ್ಮ ಹತ್ತಿರ ಬರುವವರನ್ನು ನೋಡಿದಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಅವರು ಮಾರುವುದು ನಿಮ್ಮ ನಾಚಿಕೆಯನ್ನೇ.

ಒಳಗೆ ಏನು ಮಾಡ್ತಾರೆ? ನರ್ಸ್ ಇರ್ತಾರಾ?

ಬಾಗಿಲು ಹಾಕಿ, ಪರದೆ ಎಳೆದು ಮಲಗಿಸುತ್ತಾರೆ. ಕೈಗೆ ಗ್ಲೌಸ್, ಒಳ್ಳೆಯ ಬೆಳಕು, ಕೆಲವು ಸಲ ಡರ್ಮೋಸ್ಕೋಪ್ ಎಂಬ ಕೈಲಿ ಹಿಡಿಯುವ ಭೂತಗನ್ನಡಿ. ಮುಂದೊಗಲನ್ನು ಹಿಂದಕ್ಕೆ ಸರಿಸಿ ನೋಡುತ್ತಾರೆ, ತೊಡೆಸಂದಿಯಲ್ಲಿ ಗಡ್ಡೆ ಇದೆಯೇ ಎಂದು ಮುಟ್ಟಿ ನೋಡುತ್ತಾರೆ, ಪಕ್ಕಕ್ಕೆ ಹೊರಳಿಸಿ ಗುದದ್ವಾರದ ಸುತ್ತ ನೋಡುತ್ತಾರೆ. ಬಾಯಿ ತೆರೆಯಲು ಹೇಳಿದರೆ ಆಶ್ಚರ್ಯಪಡಬೇಡಿ, ಬಾಯಲ್ಲೂ ನರಹುಲಿ ಆಗುವುದುಂಟು. ಎಲ್ಲ ಸೇರಿ ಐದು ನಿಮಿಷ. ಗಂಡಸು ಸಹಾಯಕರೇ ಇರಲಿ, ಅಥವಾ ಯಾರೂ ಬೇಡ ಎಂದು ಕೇಳುವ ಹಕ್ಕು ನಿಮಗಿದೆ. ಪರೀಕ್ಷೆಗೆ ಮುಂಚೆ ಅಲ್ಲಿ ಶೇವ್ ಮಾಡಿಕೊಂಡು ಬರಬೇಡಿ. ಬ್ಲೇಡು ಹರಿದಾಡಿದ ಕಡೆಗೆಲ್ಲ ವೈರಸ್ ಹರಡುತ್ತದೆ. ನರಹುಲಿ ಇರುವಷ್ಟು ದಿನ ರೇಜರ್ ಬಿಟ್ಟು ಟ್ರಿಮ್ಮರ್ ಅಥವಾ ಕತ್ತರಿಯಲ್ಲೇ ಸುಧಾರಿಸಿ.

ಚಿಕಿತ್ಸೆ ಏನು? ನೋವಾಗುತ್ತಾ?

ಮೊದಲೇ ಹೇಳಿಬಿಡುತ್ತೇನೆ: ಯಾವ ಚಿಕಿತ್ಸೆಯೂ ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ. ನಾವು ತೆಗೆಯುವುದು ಗುಳ್ಳೆಯನ್ನು. ಉಳಿದ ಕೆಲಸ ನಿಮ್ಮ ದೇಹದ್ದು, ಮತ್ತು ಬಹುತೇಕರಲ್ಲಿ ದೇಹ ಆ ಕೆಲಸವನ್ನು ಮಾಡಿ ಮುಗಿಸುತ್ತದೆ. ನುಂಗುವ ಮಾತ್ರೆಯಿಂದ ಇದು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ್ಯಂಟಿಬಯಾಟಿಕ್‌ಗಂತೂ ಇದರ ಮೇಲೆ ಯಾವ ಪರಿಣಾಮವೂ ಇಲ್ಲ.

ಮನೆಯಲ್ಲಿ ಹಚ್ಚುವ ಔಷಧಿಗಳಲ್ಲಿ ಇಮಿಕ್ವಿಮೋಡ್ ಶೇ 5ರ ಕ್ರೀಮ್ ಹೆಚ್ಚು ಬಳಕೆಯಲ್ಲಿದೆ. ಇದು ಆ ಜಾಗದ ಚರ್ಮದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ವಾರಕ್ಕೆ ಮೂರು ರಾತ್ರಿ, ದಿನ ಬಿಟ್ಟು ದಿನ, ನರಹುಲಿಯ ಮೇಲೆ ಮಾತ್ರ ತೆಳುವಾಗಿ ಹಚ್ಚಿ, 6ರಿಂದ 10 ಗಂಟೆ ಬಿಟ್ಟು ಬೆಳಿಗ್ಗೆ ಸೋಪು ನೀರಿನಲ್ಲಿ ತೊಳೆಯುವುದು. ಹೆಚ್ಚೆಂದರೆ 16 ವಾರ. ಎರಡನೇ ಮೂರನೇ ವಾರಕ್ಕೆ ಜಾಗ ಕೆಂಪಾಗಿ ಉರಿಯುತ್ತದೆ. ಔಷಧಿ ಕೆಲಸ ಮಾಡುತ್ತಿದೆ ಎಂಬುದರ ಲಕ್ಷಣವದು. ಎಷ್ಟೋ ಜನ ಅಲರ್ಜಿ ಎಂದುಕೊಂಡು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಚರ್ಮ ಕಿತ್ತು ಹುಣ್ಣಾದರೆ ಮಾತ್ರ ಕೆಲ ದಿನ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕ್ರೀಮ್ ಚರ್ಮದ ಮೇಲಿರುವಾಗ ಸಂಪರ್ಕ ಬೇಡ. ಅದರಲ್ಲಿರುವ ಎಣ್ಣೆ ಅಂಶ ಕಾಂಡೋಮನ್ನೂ ದುರ್ಬಲಗೊಳಿಸುತ್ತದೆ.

ಕ್ಲಿನಿಕ್ಕಿನಲ್ಲಿ ಹಚ್ಚುವ ಹಳೆಯ ಮದ್ದು ಪೋಡೋಫಿಲಿನ್, ಹಿಮಾಲಯದಲ್ಲೂ ಬೆಳೆಯುವ ಗಿಡವೊಂದರ ಬೇರಿನಿಂದ ತೆಗೆದ ರಾಳ. ಸುತ್ತಲಿನ ಒಳ್ಳೆ ಚರ್ಮಕ್ಕೆ ವ್ಯಾಸಲೀನ್ ಬಳಿದು, ಕಡ್ಡಿಯ ತುದಿಯ ಹತ್ತಿಯಿಂದ ನರಹುಲಿಗಷ್ಟೇ ಮುಟ್ಟಿಸಿ, ಪೂರ್ತಿ ಒಣಗಿದ ಮೇಲೇ ಚಡ್ಡಿ ಏರಿಸಲು ಬಿಡುತ್ತೇವೆ. "ನಾಲ್ಕು ಗಂಟೆಯೊಳಗೆ ತೊಳೆಯಲೇಬೇಕು" ಎಂದು ಎರಡೆರಡು ಸಲ ಹೇಳುತ್ತೇವೆ. ಮರೆತು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಬೊಬ್ಬೆ ಎದ್ದಿರುತ್ತದೆ. ಹೆಚ್ಚು ಹಚ್ಚಿದರೆ ರಕ್ತಕ್ಕೆ ಸೇರಿ ವಿಷವಾಗಬಹುದು. ಮೆಡಿಕಲ್ ಶಾಪಿನಲ್ಲಿ ಸಿಕ್ಕಿತೆಂದು ನೀವೇ ತಂದು ಹಚ್ಚಿಕೊಳ್ಳುವ ಮದ್ದಲ್ಲ ಇದು. ಟ್ರೈಕ್ಲೋರೋ ಅಸಿಟಿಕ್ ಆ್ಯಸಿಡ್ ಎಂಬ ಇನ್ನೊಂದಿದೆ, ಮುಟ್ಟಿಸಿದ ಕೂಡಲೇ ಗುಳ್ಳೆ ಸುಣ್ಣ ಬಳಿದಷ್ಟು ಬೆಳ್ಳಗಾಗುತ್ತದೆ. ಅದೂ ವೈದ್ಯರ ಕೈಯಲ್ಲೇ ಆಗಬೇಕು.

ಕ್ರಯೋ ಎಂದರೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಸಿಂಪಡಿಸಿ ಗುಳ್ಳೆಯನ್ನು ಹೆಪ್ಪುಗಟ್ಟಿಸುವುದು. ಕೆಲವು ಸೆಕೆಂಡು ಚುರುಚುರು ಉರಿ, ಆಮೇಲೆ ಒಂದೆರಡು ದಿನ ಊತ, ನೀರುಗುಳ್ಳೆ, ವಾರದ ಮೇಲೆ ಉದುರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಹಲವು ಸಲ ಬೇಕಾಗುತ್ತದೆ. ವಿದ್ಯುತ್ತಿನಿಂದ ಅಥವಾ ರೇಡಿಯೋ ಫ್ರೀಕ್ವೆನ್ಸಿಯಿಂದ ಸುಡುವುದು, ಲೇಸರ್, ಕತ್ತರಿಸಿ ತೆಗೆಯುವುದು ಇವೆಲ್ಲ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುವಂಥವು. ಆ ಇಂಜೆಕ್ಷನ್ ಚುಚ್ಚುವಾಗ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ, ಆಮೇಲೆ ಗೊತ್ತಾಗುವುದಿಲ್ಲ. ಸುಡುವಾಗ ಏಳುವ ಹೊಗೆಯಲ್ಲೂ ವೈರಸ್ ಇರಬಹುದಾದ್ದರಿಂದ ನಾವು ಮಾಸ್ಕ್ ಹಾಕಿಕೊಂಡು, ಹೊಗೆ ಎಳೆಯುವ ಯಂತ್ರ ಇಟ್ಟುಕೊಂಡು ಮಾಡುತ್ತೇವೆ.

ಇದರಲ್ಲಿ ಯಾವುದು ಒಳ್ಳೆಯದು? ಎಲ್ಲರಿಗೂ ಒಪ್ಪುವ ಒಂದೇ ಚಿಕಿತ್ಸೆ ಇಲ್ಲ. ನಾಲ್ಕೈದು ಚಿಕ್ಕ ಗುಳ್ಳೆ ಇದ್ದು ಪದೇ ಪದೇ ಬರಲು ಆಗುವವರಿಗೆ ಕ್ರಯೋ ಸಾಕು. ಶಿಫ್ಟ್ ಕೆಲಸದವರು, ದೂರದ ಊರಿನಿಂದ ಬರುವವರು ಮನೆಯಲ್ಲೇ ಕ್ರೀಮ್ ಹಚ್ಚಿಕೊಳ್ಳಬಹುದು. ದೊಡ್ಡ ಗೊಂಚಲಾಗಿದ್ದರೆ ಸುಟ್ಟು ತೆಗೆಯುವುದೇ ವಾಸಿ. ಚಿಕಿತ್ಸೆ ಮಾಡದೇ ಬಿಟ್ಟರೂ ಕೆಲವರಲ್ಲಿ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಹಾಗೇ ಇರುತ್ತದೆ, ಕೆಲವರಲ್ಲಿ ಹೆಚ್ಚುತ್ತದೆ. ನಿಮಗೆ ಯಾವುದಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ, ಆದ್ದರಿಂದ ಚಿಕ್ಕದಿರುವಾಗಲೇ ತೆಗೆಸುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ.

ಊರಲ್ಲಿ ಸುಣ್ಣ-ಸೋಡ ಹಚ್ಚು, ಕುದುರೆ ಕೂದಲು ಕಟ್ಟು ಅಂತಾರೆ...

ಕೈಮೇಲಿನ ನರಹುಲಿಗೆ ಅಜ್ಜಿ ಕಾಲದಿಂದ ಮಾಡಿಕೊಂಡು ಬಂದದ್ದು ನಿಜ. ಆದರೆ ಅಂಗೈ ಚರ್ಮವೂ ಈ ಚರ್ಮವೂ ಒಂದೇ ಅಲ್ಲ. ಸುಣ್ಣ, ಸೋಡ, ಗೇರುಬೀಜದ ಎಣ್ಣೆ, ಅಂಗಡಿಯಲ್ಲಿ ಸಿಗುವ ಕಾಲಿನ ಆಣಿಯ ಸ್ಯಾಲಿಸಿಲಿಕ್ ಆ್ಯಸಿಡ್ ಮದ್ದು ಯಾವುದೂ ಇಲ್ಲಿಗೆ ಬೇಡ. ಆಳವಾಗಿ ಸುಡುತ್ತವೆ, ಮಾಯ್ದ ಮೇಲೆ ಕಲೆ ಕಟ್ಟಿ ಮುಂದೊಗಲು ಬಿಗಿದುಕೊಳ್ಳುತ್ತದೆ. ದಾರ, ಕೂದಲು ಬಿಗಿದು ಕಟ್ಟಿದರೆ ಕೀವಾಗುತ್ತದೆ. ಉಗುರಿನಿಂದ ಕೀಳುವುದನ್ನಂತೂ ಮಾಡಲೇಬೇಡಿ.

ತೆಗೆಸಿ ಎರಡು ತಿಂಗಳಿಗೇ ವಾಪಸ್ ಬಂತು. ಡಾಕ್ಟರು ಸರಿಯಾಗಿ ತೆಗೆದಿಲ್ವಾ?

ಮತ್ತೆ ಬರುವುದು ಈ ಕಾಯಿಲೆಯ ಸ್ವಭಾವ. ಗುಳ್ಳೆಯ ಪಕ್ಕದ ಚರ್ಮ ನೋಡಲು ಚೆನ್ನಾಗಿದ್ದರೂ ಅಲ್ಲಿ ವೈರಸ್ ಇರುತ್ತದೆ, ಅಲ್ಲಿಂದ ಹೊಸದು ಏಳುತ್ತದೆ. ಮೊದಲ ಮೂರು ತಿಂಗಳಲ್ಲಿ ಇದು ಹೆಚ್ಚು. ಹೊಸ ಗುಳ್ಳೆ ಬಂದಿದೆ ಎಂದರೆ ಸಂಗಾತಿ ಮತ್ತೆ ಅಂಟಿಸಿದರು ಎಂದೂ ಅರ್ಥವಲ್ಲ. ಚಿಕ್ಕದಿರುವಾಗಲೇ ಬಂದು ತೋರಿಸಿ, ಎರಡನೇ ಸುತ್ತು, ಮೂರನೇ ಸುತ್ತು ಮಾಡಿಸಿ. ಸುತ್ತು ಕಳೆದಂತೆ ಬರುವುದು ಕಡಿಮೆಯಾಗಿ ನಿಲ್ಲುತ್ತದೆ. ಅರ್ಧಕ್ಕೆ ಬೇಸತ್ತು ಕ್ಲಿನಿಕ್ ಬದಲಾಯಿಸುತ್ತಾ ಹೋದರೆ ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತದೆ.

ಸಿಗರೇಟು ಸೇದುವವರಲ್ಲಿ ಎಚ್‌ಪಿವಿ ಹೆಚ್ಚು ದಿನ ಉಳಿಯುತ್ತದೆ. ಬಿಡಲು ಕಾರಣ ಹುಡುಕುತ್ತಿದ್ದರೆ ಇದೂ ಒಂದು.

ಅಂದ್ರೆ ಜೀವನಪೂರ್ತಿ ಇರುತ್ತಾ?

ಹೆಚ್ಚಿನವರಲ್ಲಿ ಇಲ್ಲ. ಎಚ್‌ಪಿವಿ ಸೋಂಕುಗಳಲ್ಲಿ ಬಹುಪಾಲು ಒಂದೆರಡು ವರ್ಷಗಳೊಳಗೆ ಪರೀಕ್ಷೆಗೂ ಸಿಗದಷ್ಟು ಅಡಗಿಹೋಗುತ್ತವೆ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದಾಗ ಹಳೆಯದು ತಲೆ ಎತ್ತುವುದು ಉಂಟು.

ಕ್ಯಾನ್ಸರ್ ಆಗುತ್ತಾ ಸರ್?

ನಿಮ್ಮ ನರಹುಲಿ ಕ್ಯಾನ್ಸರ್ ಆಗಿ ಬದಲಾಗುವುದು ತೀರಾ ಅಪರೂಪ. ಆದರೆ 6, 11 ಬಂದ ದಾರಿಯಲ್ಲೇ 16, 18 ಕೂಡ ಬಂದಿರಬಹುದು ಎಂಬುದನ್ನು ಮರೆಯಬಾರದು. ಗಂಡಸರಲ್ಲಿ ಎಚ್‌ಪಿವಿಯಿಂದ ಗಂಟಲಿನ, ಗುದದ್ವಾರದ, ಶಿಶ್ನದ ಕ್ಯಾನ್ಸರ್ ಆಗಬಹುದು. ಗುದದ್ವಾರದ ಕ್ಯಾನ್ಸರ್‌ನಲ್ಲಿ ಶೇ 90ರಷ್ಟಕ್ಕೆ ಎಚ್‌ಪಿವಿ ಕಾರಣ. ಶಿಶ್ನದ ಕ್ಯಾನ್ಸರ್‌ನಲ್ಲಿ ಸುಮಾರು ಅರ್ಧದಷ್ಟಕ್ಕೆ. ಶಿಶ್ನದ ಕ್ಯಾನ್ಸರ್‌ಗೆ ತಂಬಾಕು, ಹಿಂದಕ್ಕೆ ಸರಿಯದ ಬಿಗಿ ಮುಂದೊಗಲು, ಅದರೊಳಗೆ ಸೇರುವ ಕೊಳೆ ಇವೂ ಕಾರಣ. ಶುಗರ್ ಇರುವ ನಡುವಯಸ್ಸಿನವರಲ್ಲಿ ಮುಂದೊಗಲು ಬಿಗಿಯಾಗುವುದು ಸಾಮಾನ್ಯ. ಅದರೊಳಗೆ ಗಂಟು ಬೆಳೆದರೂ ಕಾಣುವುದಿಲ್ಲ. ಅಂಥವರು ಸಂಕೋಚ ಬಿಟ್ಟು ಯೂರಾಲಜಿಸ್ಟ್ ಹತ್ತಿರ ತೋರಿಸಲೇಬೇಕು.

ಮಾಯದ ಹುಣ್ಣು, ಮುಟ್ಟಿದರೆ ರಕ್ತ ಬರುವ ಗಟ್ಟಿ ಗಂಟು, ಬೇಗ ಬೇಗ ಬೆಳೆಯುವ ಉಬ್ಬು, ದುರ್ವಾಸನೆ, ತೊಡೆಸಂದಿಯಲ್ಲಿ ಗಡ್ಡೆ, ಮೂತ್ರದ ಧಾರೆ ಕವಲೊಡೆಯುವುದು, ಮಲದ ಜೊತೆ ರಕ್ತ: ಇವುಗಳಲ್ಲಿ ಯಾವುದಿದ್ದರೂ ವಾರ ಕಳೆಯಬೇಡಿ.

ಗಂಡಸರ ಜೊತೆ ಸಂಬಂಧ ಇದೆ. ಡಾಕ್ಟರಿಗೆ ಹೇಳಬೇಕಾ?

ಹೇಳಿ. ಗುದದ್ವಾರದ ಒಳಗೆ ಪ್ರಾಕ್ಟೋಸ್ಕೋಪ್ ಎಂಬ ಪುಟ್ಟ ಕೊಳವೆ ಹಾಕಿ ನೋಡಬೇಕೇ ಎಂಬುದು ಆ ಮಾತಿನ ಮೇಲೆ ನಿರ್ಧಾರವಾಗುತ್ತದೆ. ಹೊರಗೆ ಎರಡು ಕಂಡವರಿಗೆ ಒಳಗೆ ಇನ್ನಷ್ಟು ಇರುವುದುಂಟು. ಜೊತೆಗೆ ಎಚ್‌ಐವಿ ಇದ್ದರೆ ಗುದದ್ವಾರದ ಕ್ಯಾನ್ಸರ್ ಅಪಾಯ ಹೆಚ್ಚು, ಆಗಾಗ ತಪಾಸಣೆ ಬೇಕು. ಹೇಳಿದ್ದಕ್ಕೆ ಮುಖ ಸಿಂಡರಿಸಿದ ವೈದ್ಯರು ಸಿಕ್ಕಿದರೆ ತಪ್ಪು ಅವರದ್ದು. ಇನ್ನೊಬ್ಬರ ಹತ್ತಿರ ಹೋಗಿ, ಚಿಕಿತ್ಸೆಯನ್ನು ಮಾತ್ರ ಬಿಡಬೇಡಿ.

ಕಾಂಡೋಮ್ ಹಾಕಿದ್ದೆ, ಆದ್ರೂ ಹೇಗೆ ಬಂತು?

ಕಾಂಡೋಮ್ ಮುಚ್ಚುವುದು ದಂಡವನ್ನಷ್ಟೇ. ಬುಡ, ವೃಷಣದ ಚೀಲ, ತೊಡೆಸಂದಿ ತೆರೆದೇ ಇರುತ್ತವೆ. ಅಪಾಯವನ್ನು ಖಂಡಿತ ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಎಚ್‌ಐವಿ, ಸಿಫಿಲಿಸ್, ಗೊನೋರಿಯಾಗಳ ವಿಷಯದಲ್ಲಂತೂ ಅದು ಬೇಕೇ ಬೇಕು.

ಹೆಂಡತಿಗೆ ಹೇಳಲೇಬೇಕಾ? ಅವಳು ಏನು ಟೆಸ್ಟ್ ಮಾಡಿಸಬೇಕು?

ಹೇಳಿ. ನೀವು ಹೇಳದೇ ಇದ್ದರೂ ನಾಳೆ ಅವರಿಗೇ ಗುಳ್ಳೆ ಕಂಡು, ಅವರ ಡಾಕ್ಟರ ಬಾಯಿಂದ ತಿಳಿದರೆ ಅದರ ನೋವು ಹೆಚ್ಚು. ಅವರು ಸ್ತ್ರೀರೋಗ ತಜ್ಞರ ಹತ್ತಿರ ಒಮ್ಮೆ ತೋರಿಸಿಕೊಳ್ಳಲಿ, ಬೇರೆ ಲೈಂಗಿಕ ಸೋಂಕುಗಳ ಪರೀಕ್ಷೆಯೂ ಆಗಲಿ. ನಿಮಗೆ ನರಹುಲಿ ಬಂದಿದೆ ಎಂಬ ಒಂದೇ ಕಾರಣಕ್ಕೆ ಅವರಿಗೆ ತರಾತುರಿಯಲ್ಲಿ ಎಚ್‌ಪಿವಿ ಪರೀಕ್ಷೆ ಬೇಕಿಲ್ಲ. ಆದರೆ 30 ದಾಟಿದ ಪ್ರತಿ ಹೆಂಗಸೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಳ್ಳಬೇಕು, ನಿಮಗೆ ನರಹುಲಿ ಇರಲಿ ಬಿಡಲಿ. ನಮ್ಮ ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತಿದೆ. ಇದು ಮೊದಲೇ ಹಿಡಿದರೆ ತಡೆಯಬಹುದಾದ ಕ್ಯಾನ್ಸರ್. "ನಡಿ, ಇವತ್ತು ನಿನ್ನ ಟೆಸ್ಟ್ ಮಾಡಿಸೋಣ" ಎಂದು ಕರೆದುಕೊಂಡು ಹೋಗುವ ಗಂಡಂದಿರು ಹೆಚ್ಚಬೇಕು ಎಂಬುದು ನನ್ನ ಆಸೆ.

ಅವರು ಗರ್ಭಿಣಿಯಾಗಿದ್ದರೆ ಮುಂಚೆಯೇ ತಿಳಿಸಿ. ಬಸಿರಿನಲ್ಲಿ ನರಹುಲಿ ಬೇಗ ಬೆಳೆಯಬಹುದು, ಇಮಿಕ್ವಿಮೋಡ್, ಪೋಡೋಫಿಲಿನ್ ಆಗ ಬಳಸುವುದಿಲ್ಲ, ಕ್ರಯೋ ಮಾಡಬಹುದು. ನರಹುಲಿ ಇದೆ ಎಂಬುದೊಂದೇ ಸಿಸೇರಿಯನ್‌ಗೆ ಕಾರಣವಾಗುವುದಿಲ್ಲ.

ಮದುವೆ ಗೊತ್ತಾಗಿದೆ. ಮುಂದೂಡಲಾ? ಮಕ್ಕಳಾಗುತ್ತಾ?

ಮುಂದೂಡಬೇಕಿಲ್ಲ. ನರಹುಲಿಯಿಂದ ನಿಮಿರುವಿಕೆಗೆ, ಗಂಡಸುತನಕ್ಕೆ, ಮಕ್ಕಳಾಗುವುದಕ್ಕೆ ಯಾವ ಧಕ್ಕೆಯೂ ಇಲ್ಲ. ಈಗಲೇ ಚಿಕಿತ್ಸೆ ಶುರು ಮಾಡಿ, ಪೂರ್ತಿ ಹೋದ ಮೇಲೂ ಕನಿಷ್ಠ ಮೂರು ತಿಂಗಳು ಕಾಂಡೋಮ್ ಬಳಸಿ. ಮದುವೆಯಾಗುವ ಹುಡುಗಿಗೆ ವಿಷಯ ತಿಳಿಸಿ. ಅವರಿಗೆ ಲಸಿಕೆ ಆಗಿಲ್ಲದಿದ್ದರೆ ಮದುವೆಗೆ ಮುಂಚೆ ಹಾಕಿಸಿಕೊಳ್ಳಲು ಅವಕಾಶ ಸಿಗುತ್ತದೆ. ಅದನ್ನು ಅವರಿಗೆ ಸಿಗದಂತೆ ಮಾಡುವುದು ನ್ಯಾಯವಲ್ಲ.

ನರಹುಲಿ ಬಂದ ಮೇಲೆ ಲಸಿಕೆ ಹಾಕಿಸಿಕೊಂಡ್ರೆ ಹೋಗುತ್ತಾ?

ಬಂದಿರುವ ಗುಳ್ಳೆಗೆ ಲಸಿಕೆ ಔಷಧಿಯಲ್ಲ. ನಿಮಗೆ ಇನ್ನೂ ತಗುಲದ ಬಗೆಗಳಿಂದ ಮುಂದೆ ರಕ್ಷಣೆ ಕೊಡುತ್ತದೆ, ಆದ್ದರಿಂದ 26ರ ಒಳಗಿನವರಿಗೆ ಹಾಕಿಸಿಕೊಳ್ಳಿ ಎಂದೇ ಹೇಳುತ್ತೇನೆ. ಅದಕ್ಕಿಂತ ದೊಡ್ಡವರಿಗೆ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ವೈದ್ಯರ ಜೊತೆ ಕುಳಿತು ತೀರ್ಮಾನಿಸಿ.

ಮಗನಿಗೆ 11 ವರ್ಷ. ಇದು ಹೆಣ್ಣುಮಕ್ಕಳ ಲಸಿಕೆ ಅಲ್ವಾ?

ಗಂಡುಮಕ್ಕಳಿಗೂ ಇದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದ್ದು 9ರಿಂದ 26 ವರ್ಷದ ಗಂಡು, ಹೆಣ್ಣು ಇಬ್ಬರಿಗೂ. ಅದು 6, 11, 16, 18 ಈ ನಾಲ್ಕೂ ಬಗೆಗಳನ್ನು ತಡೆಯುತ್ತದೆ. ಗಾರ್ಡಸಿಲ್ 9 ಎಂಬುದು ಒಂಬತ್ತು ಬಗೆಗಳಿಗೆ, ಬೆಲೆ ಬಹಳ ಹೆಚ್ಚು. ನರಹುಲಿಯ ಮಟ್ಟಿಗೆ ಎರಡರಲ್ಲೂ 6, 11 ಇವೆ. 9ರಿಂದ 14ರ ಮಕ್ಕಳಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಸಾಕು, 15 ತುಂಬಿದ ಮೇಲೆ ಮೂರು ಡೋಸ್ ಬೇಕು. ತೋಳಿಗೆ ಕೊಡುವ ಇಂಜೆಕ್ಷನ್, ಒಂದೆರಡು ದಿನ ತೋಳು ನೋಯುತ್ತದೆ, ಕೆಲವರಿಗೆ ಸಣ್ಣ ಜ್ವರ. ಹರೆಯದ ಮಕ್ಕಳು ಸೂಜಿಗೆ ಹೆದರಿ ತಲೆಸುತ್ತಿ ಬೀಳುವುದುಂಟು, ಹಾಕಿಸಿದ ಮೇಲೆ ಕಾಲು ಗಂಟೆ ಕೂರಿಸಿಕೊಳ್ಳಿ.

"ಇಷ್ಟು ಬೇಗ ಯಾಕೆ, ಅವನಿನ್ನೂ ಮಗು" ಎಂದು ತಾಯಂದಿರು ಕೇಳುತ್ತಾರೆ. ವೈರಸ್ ತಗುಲುವ ಮೊದಲೇ ಹಾಕಿದರೆ ಮಾತ್ರ ಪೂರ್ತಿ ಲಾಭ, ಮತ್ತು ಈ ವಯಸ್ಸಿನಲ್ಲಿ ದೇಹ ಪ್ರತಿಕಾಯಗಳನ್ನು ಚೆನ್ನಾಗಿ ತಯಾರಿಸುತ್ತದೆ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ಹುಡುಗಿಯರಿಗೆ, 2013ರಲ್ಲಿ ಹುಡುಗರಿಗೆ ಸರ್ಕಾರವೇ ಲಸಿಕೆ ಕೊಡಲು ಶುರು ಮಾಡಿತು. ಅಲ್ಲಿನ ಯುವಜನರಲ್ಲಿ ಜನನಾಂಗದ ನರಹುಲಿ ಈಗ ಅಪರೂಪದ ಕಾಯಿಲೆ. ನಮ್ಮಲ್ಲಿ ಸರ್ಕಾರದ ಗಮನ ಹೆಣ್ಣುಮಕ್ಕಳ ಮೇಲಿರುವುದರಿಂದ ಗಂಡುಮಕ್ಕಳಿಗೆ ಸದ್ಯ ನಾವೇ ದುಡ್ಡು ಕೊಟ್ಟು ಹಾಕಿಸಬೇಕು. ಮಕ್ಕಳ ಡಾಕ್ಟರ ಹತ್ತಿರ ಮುಂದಿನ ಸಲ ಹೋದಾಗ ನೀವೇ ಬಾಯಿಬಿಟ್ಟು ಕೇಳಿ. ಗಂಡುಮಕ್ಕಳ ವಿಷಯದಲ್ಲಿ ಅವರಾಗಿ ಹೇಳುವುದು ಕಡಿಮೆ.